ಬಿದ್ದ ಹುಡುಗ ಮತ್ತೆ ಹಾರಿದನೇ?

"ಆ ಬಿದ್ದ ಹುಡುಗ ಮತ್ತೆ ಹಾರಿದನೇ?" ಎಂದು ಅಪ್ಪ ಕೇಳಿದರು.

"ಅವನ ಕಾಲ ಮುಗಿಯಿತು, ಮುತ್ಯಾ" ಎಂದ ಅಣ್ಣನ ಮಗ.

2025ರ ಯುಗಾದಿಯ ಮಧ್ಯಾಹ್ನ ಬೇವು ಕುಡಿದು, ಹೋಳಿಗೆ ಉಂಡು, ಕೂಲರಿನ ಎದುರು ಎಲ್ಲರೂ ಅಡ್ಡಾಗಿದ್ದಾಗ ನಡೆದ ಮಾತು ಇಷ್ಟೇ. ಹಬ್ಬ ಮುಗಿದು ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನನಗೆ ಮಾತ್ರ ಈ ವಾರವೆಲ್ಲ ಆ ಎರಡು ಮಾತುಗಳನ್ನು ಬಿಟ್ಟು ಬೇರೆ ಯೋಚನೆ ಹತ್ತುತ್ತಿಲ್ಲ. ಕೇಳಿದವರು ಎಂಬತ್ತು ದಾಟಿದವರು, ಉತ್ತರ ಕೊಟ್ಟವನು ಪಿಯುಸಿ ಫಲಿತಾಂಶಕ್ಕೆ ಕಾಯುತ್ತಿರುವವನು.

ಅಂದು ಬೆಳಿಗ್ಗೆಯಷ್ಟೇ ಬಾಸ್ಟನ್ನಿನ ಫಿಗರ್ ಸ್ಕೇಟಿಂಗ್ (ಬರ್ಫದ ಮೇಲೆ ಜಾರುತ್ತ ಹಾರುವ ಆಟ) ವಿಶ್ವ ಚಾಂಪಿಯನ್‌ಷಿಪ್ಪಿನ ಫಲಿತಾಂಶ ತಿಳಿದಿತ್ತು. ಅಮೆರಿಕದ ಇಲಿಯಾ ಮಲಿನಿನ್ ಸತತ ಎರಡನೇ ಸಲ ಗೆದ್ದಿದ್ದ. ಅವನದು 318.56 ಅಂಕ, ಎರಡನೆಯವನಿಗೂ ಅವನಿಗೂ ಮೂವತ್ತೊಂದು ಅಂಕಗಳ ಅಂತರ. ನಮ್ಮ ಹುಡುಗ ಸ್ವಂತ ಅಣ್ಣನೇ ಗೆದ್ದಂತೆ ಹಿಗ್ಗಿದ್ದ. ಫಿಗರ್ ಸ್ಕೇಟಿಂಗಿನ ಹುಚ್ಚು ಅವನಿಗೆ ಹತ್ತಿದ್ದು ನನ್ನಿಂದಲೇ, ಅದರಲ್ಲಿ ನನಗೆ ಸಂತೋಷವಿದೆ. ಬರ್ಫ ಎಂದರೆ ಗೋಣಿಚೀಲ ಸುತ್ತಿದ ಗಾಡಿಯ ಮೇಲಿನ ಗಡ್ಡೆ ಮಾತ್ರ ಎಂದು ತಿಳಿದಿರುವ ಕಲಬುರಗಿಯಲ್ಲಿ ಈ ಆಟದ ಬಗ್ಗೆ ಮಾತಾಡಲು ಮನೆಯೊಳಗೇ ಒಬ್ಬ ಸಿಕ್ಕಿದ್ದಾನೆ. ಆದರೆ ನಾನು ಒಂದು ಕಡೆ, ಅವನು ಇನ್ನೊಂದು ಕಡೆ.

ಮುತ್ಯಾನಿಗೆ ತೋರಿಸುತ್ತೇನೆಂದು ಅವನು ಎರಡು ತುಣುಕುಗಳನ್ನು ಆರಿಸಿದ್ದ. ಮೊದಲನೆಯದು 2022ರ ಫೆಬ್ರುವರಿಯದು, ಬೀಜಿಂಗ್ ಒಲಿಂಪಿಕ್ಸ್. ಜಪಾನಿನ ಯುಝುರು ಹನ್ಯು ನಾಲ್ಕು ಸುತ್ತಿನ ಆಕ್ಸೆಲ್ ಎಂಬ ಜಿಗಿತಕ್ಕೆ ಹಾರಿ ಬೀಳುತ್ತಾನೆ. ಎರಡನೆಯದು ಅದೇ ವರ್ಷದ ಸೆಪ್ಟೆಂಬರಿನದು, ಅಮೆರಿಕದ ಲೇಕ್ ಪ್ಲಾಸಿಡ್. ಹದಿನೇಳರ ಮಲಿನಿನ್ ಅದೇ ಜಿಗಿತ ಹಾರಿ ನಿಲ್ಲುತ್ತಾನೆ. ಸ್ಪರ್ಧೆಯಲ್ಲಿ ಆ ಜಿಗಿತವನ್ನು ಪೂರ್ತಿಯಾಗಿ ನಿಲ್ಲಿಸಿದ ಮೊದಲಿಗ ಅವನು. ಬಿದ್ದವನು, ನಿಂತವನು, ಹಿಂದೆ ಮುಂದೆ ಬೇರೇನೂ ಇಲ್ಲ. ತೀರ್ಪು ಮೊದಲೇ ಬರೆದಿಟ್ಟು ಸಾಕ್ಷಿ ಹಾಜರುಪಡಿಸಿದ ಹಾಗಿತ್ತು.

ಅಪ್ಪ ಹರೆಯದಲ್ಲಿ ಜಾತ್ರೆಯ ಕುಸ್ತಿ ಆಡಿದವರು. ಆಳಂದದ ಕಡೆಯ ಊರುಗಳಲ್ಲಿ ತೆಂಗಿನಕಾಯಿಯ ಕುಸ್ತಿಯಿಂದ ಶುರುಮಾಡಿ ಬೆಳ್ಳಿ ಕಡಗದವರೆಗೆ ಹೋದವರು. ಹೊಸದು ಯಾವುದನ್ನೂ ಸುಲಭಕ್ಕೆ ಒಪ್ಪುವ ಜಾಯಮಾನ ಅವರದಲ್ಲ. ಗ್ಯಾಸ್ ಒಲೆಯನ್ನು ಒಪ್ಪಲು ಕೂಡ ವರ್ಷಗಳು ಬೇಕಾದವು. ಅವರ ಹಟದಿಂದ ಅವ್ವ ಪಟ್ಟ ಪಾಡು ನನಗೆ ನೆನಪಿದೆ. ಆದರೆ ಒಂದು ಮೈ ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ ಎಂಬುದನ್ನು ನೋಡುವ ಅವರ ಕಣ್ಣಿನ ಬಗ್ಗೆ ನನಗೆ ಪೂರ್ತಿ ನಂಬಿಕೆಯಿದೆ. ನಿಂತವನನ್ನು ನೋಡಿ "ಮೊಣಕಾಲು ಗಟ್ಟಿ ಇದೆ" ಎಂದರು, ಅಷ್ಟೇ. ಬಿದ್ದವನ ಬಗ್ಗೆ ಮಾತ್ರ ಪ್ರಶ್ನೆ ಕೇಳಿದರು.

ಆ ಪ್ರಶ್ನೆಗೆ ಉತ್ತರವಿತ್ತು. ಹುಡುಗನಿಗೂ ಅದು ಗೊತ್ತಿತ್ತು. ಹಾಗಿದ್ದೂ ಅವನು "ಕಾಲ ಮುಗಿಯಿತು" ಎಂದದ್ದೇ ನನ್ನನ್ನು ಕಾಡುತ್ತಿರುವುದು.

ನಾನು ಮೊಬೈಲ್ ಕಸಿದುಕೊಂಡು ಬೀಜಿಂಗಿನ ಆ ನಾಲ್ಕು ನಿಮಿಷಗಳನ್ನು ಪೂರ್ತಿ ಹಾಕಿದೆ. ಹನ್ಯು ಬಿದ್ದದ್ದು ಮೊದಲ ಜಿಗಿತದಲ್ಲೇ. ಎದ್ದ. ಎರಡನೆಯದು ನಾಲ್ಕು ಸುತ್ತಿನ ಸಾಲ್ಕೊ ಎಂಬ ಇನ್ನೊಂದು ಬಗೆಯ ಜಿಗಿತ, ಅದರಲ್ಲೂ ಬಿದ್ದ. ಮತ್ತೆ ಎದ್ದ. ಅಲ್ಲಿಂದ ಮುಂದೆ ಒಂದರಲ್ಲೂ ಬೀಳಲಿಲ್ಲ. ದಣಿವು ಏರುವ ಉತ್ತರಾರ್ಧದಲ್ಲಿ ನಾಲ್ಕು ಸುತ್ತಿನ ಟೋ ಲೂಪ್ ಅನ್ನು ಬೇರೆ ಜಿಗಿತಗಳೊಡನೆ ಜೋಡಿಸಿ ಎರಡು ಬಾರಿ ಹಾರಿದ. ಅದಕ್ಕೆ ಮುಂಚಿನ ದಿನ ಅಭ್ಯಾಸದಲ್ಲಿ ಕಾಲು ಉಳುಕಿತ್ತು, ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಇಳಿದಿದ್ದ. ಎರಡು ದಿನ ಮೊದಲು ಸ್ಪರ್ಧೆಯ ಮೊದಲ ಭಾಗವಾದ ಷಾರ್ಟ್ ಪ್ರೋಗ್ರಾಂನಲ್ಲಿ ಬರ್ಫದ ಮೇಲಿನ ಕುಳಿಗೆ ಅವನ ಬ್ಲೇಡ್ ಸಿಕ್ಕಿ, ಜಿಗಿತ ಒಂದೇ ಸುತ್ತಾಗಿ, ಎಂಟನೆಯ ಸ್ಥಾನದಲ್ಲಿದ್ದ. ಅಲ್ಲಿಂದ ನಾಲ್ಕನೆಯ ಸ್ಥಾನಕ್ಕೆ ಬಂದ. ಅವನ ಆಕ್ಸೆಲ್‌ನಲ್ಲಿ ಸುತ್ತು ಸ್ವಲ್ಪ ಕಡಿಮೆಬಿದ್ದಿದ್ದರೂ ಅಂಕಪಟ್ಟಿಯಲ್ಲಿ ಅದು ನಾಲ್ಕು ಸುತ್ತಿನ ಆಕ್ಸೆಲ್ ಎಂದೇ ದಾಖಲಾಯಿತು. ಆ ಹೆಸರು ಅಂಕಪಟ್ಟಿಯಲ್ಲಿ ಕಾಣಿಸಿದ್ದು ಅದೇ ಮೊದಲು.

ಅಪ್ಪ ದಿಂಬಿನಿಂದ ಎದ್ದು ಕುಳಿತು ನೋಡಿದರು. "ಎರಡು ಸಲ ಬಿದ್ದ ಮೇಲೂ ಹಾರಿದನಲ್ಲ" ಎಂದರು. "ಆದರೂ ನಾಲ್ಕನೆಯ ಸ್ಥಾನ, ಪದಕ ಬರಲಿಲ್ಲ" ಎಂದ ಹುಡುಗ.

ಹನ್ಯು ಯಾರೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. 2014 ಮತ್ತು 2018ರ ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದವನು. ಪುರುಷರಲ್ಲಿ ಅವನಿಗಿಂತ ಮೊದಲು ಕೊನೆಯದಾಗಿ ಹಾಗೆ ಗೆದ್ದದ್ದು ಅಮೆರಿಕದ ಡಿಕ್ ಬಟನ್, 1948 ಮತ್ತು 1952ರಲ್ಲಿ. ಚಿಕ್ಕಂದಿನಿಂದ ಆಸ್ತಮಾ. 2011ರ ಭೂಕಂಪದ ಹೊತ್ತಿಗೆ ಸೆಂಡೈ ಊರಿನ ರಿಂಕಿನಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗ ಸ್ಕೇಟು ಬಿಚ್ಚದೆಯೇ ಹೊರಗೆ ಓಡಿದ್ದ. ಇಷ್ಟೆಲ್ಲ ಸಾಧಿಸಿದವನಿಗೆ ಬೀಜಿಂಗಿನಲ್ಲಿ ಆಕ್ಸೆಲ್ ಬೇಕಿರಲಿಲ್ಲ. ಉಳಿದ ಐದು ಬಗೆಯ ಜಿಗಿತಗಳಿಗೆ ಹಿಮ್ಮುಖವಾಗಿ ಜಾರುತ್ತ ಏಳುತ್ತಾರೆ. ಆಕ್ಸೆಲ್ ಒಂದಕ್ಕೆ ಮಾತ್ರ ಮುಂದೆ ನೋಡುತ್ತ ಏಳಬೇಕು. ಇಳಿಯುವುದು ಎಲ್ಲದರಲ್ಲೂ ಹಿಮ್ಮುಖವಾಗಿಯೇ. ಹಾಗಾಗಿ ನಾಲ್ಕು ಸುತ್ತಿನ ಆಕ್ಸೆಲ್ ಎಂದರೆ ನಿಜದಲ್ಲಿ ನಾಲ್ಕೂವರೆ ಸುತ್ತು, ಅದೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಅದರ ಮೂಲ ಅಂಕ 12.5. ಅದಕ್ಕಿಂತ ಎಷ್ಟೋ ಕೈವಶವಾದ ನಾಲ್ಕು ಸುತ್ತಿನ ಲುಟ್ಜ್‌ಗೆ 11.5. ಒಂದೇ ಒಂದು ಅಂಕದ ಲಾಭ! ಬಿದ್ದರೆ ಅದರಲ್ಲಿ ದೊಡ್ಡ ಪಾಲು ಹೋಗಿ, ಮೇಲೆ ಇನ್ನೊಂದು ಅಂಕ ಕಡಿತ. ಲೆಕ್ಕ ಬಲ್ಲ ಯಾರೂ ಆ ಒಂದು ಅಂಕಕ್ಕಾಗಿ ಮೂರನೇ ಚಿನ್ನವನ್ನು ಪಣಕ್ಕಿಡುವುದಿಲ್ಲ. ಅವನು ಇಟ್ಟ. ಅವನ ಬಗ್ಗೆ ನನಗಿರುವ ಗೌರವವೆಲ್ಲ ಅಲ್ಲೇ ಇದೆ.

ಹುಡುಗನ ಸಿಟ್ಟೂ ಸುಳ್ಳಲ್ಲ, ಅದನ್ನೂ ಹೇಳಬೇಕು. 2022ರ ಜನವರಿಯಲ್ಲಿ ಮಲಿನಿನ್ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವನಾಗಿದ್ದ. ಒಲಿಂಪಿಕ್ಸ್‌ಗೆ ಮೂವರಿಗೆ ಅವಕಾಶವಿತ್ತು. ಆದರೂ ಅವನನ್ನು ಬಿಟ್ಟು, ಅನುಭವ ನೋಡಿ, ನಾಲ್ಕನೆಯವನಾಗಿದ್ದ ಜೇಸನ್ ಬ್ರೌನ್‌ನನ್ನು ಕಳುಹಿಸಿದರು. ನಮ್ಮ ಹುಡುಗನಿಗೆ ಈ ಒಂದು ಸಂಗತಿ ಕಂಠಪಾಠ. ಹೋದ ವರ್ಷ ಅವನ ಕಾಲೇಜಿನ ಕಬಡ್ಡಿ ತಂಡದಲ್ಲೂ ಹಳಬರಿಗೆ ಜಾಗ ಸಿಕ್ಕಿ ಇವನು ಹೊರಗುಳಿದಿದ್ದ. ಆ ಗಾಯ ಇನ್ನೂ ಹಸಿಯಾಗಿದೆ ಎಂದು ನನ್ನ ಅನಿಸಿಕೆ. ಅವನ ಅಪ್ಪ, ಅಂದರೆ ನನ್ನ ಅಣ್ಣ, ಆಗ ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಆದರೆ ಬ್ರೌನ್‌ನನ್ನು ಅವನು ಬೈಯುವಾಗ ನಾನು ಸುಮ್ಮನಿರಲಾರೆ. ಬ್ರೌನ್ ಬೀಜಿಂಗಿನಲ್ಲಿ ಒಂದೇ ಒಂದು ಕ್ವಾಡ್ (ನಾಲ್ಕು ಸುತ್ತಿನ ಜಿಗಿತ) ಇಲ್ಲದೆ ಆರನೆಯವನಾದ. ಹಲವರು ಮೂರು, ನಾಲ್ಕು, ಐದು ಕ್ವಾಡ್ ಹಾರುವ ಕಣದಲ್ಲಿ ಬ್ಲೇಡಿನ ಅಂಚಿನ ಹಿಡಿತ, ಸಂಗೀತದ ಮೇಲಿನ ನಡೆ, ಸ್ಪಿನ್‌ಗಳು ಇವುಗಳ ಬಲದಿಂದಲೇ ಆರನೆಯವನಾಗುವುದು ಮಲಿನಿನ್‌ನ ಆಕ್ಸೆಲ್‌ನಷ್ಟೇ ಅಪರೂಪದ ಸಂಗತಿ. ನಿಯಮವೂ ಈಗ ಇಂಥವರ ಕಡೆ ಇಲ್ಲ. ಕಲೆಗೆ, ಅಂದರೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲಕ್ಕೆ, ಸ್ಪರ್ಧೆಯ ಎರಡನೆಯ, ಉದ್ದದ ಭಾಗವಾದ ಫ್ರೀ ಸ್ಕೇಟ್‌ನಲ್ಲಿ ಎಷ್ಟು ಕೊಟ್ಟರೂ ನೂರರ ಒಳಗೇ ಕೊಡಬೇಕು. ಜಿಗಿತಗಳ ಅಂಕಕ್ಕೆ ಅಂಥ ಗಡಿಯಿಲ್ಲ, ಹಾರಿದಷ್ಟೂ ಏರುತ್ತದೆ. ಬಾಸ್ಟನ್ನಿನಲ್ಲಿ ಆರು ಕ್ವಾಡ್ ನಿಲ್ಲಿಸಿದವನ ಮುಂದೆ ಬೇರೆ ಯಾರು ಎಷ್ಟು ಚಂದ ಜಾರಿದರೂ ಮೂವತ್ತು ಅಂಕ ತುಂಬುವುದಿಲ್ಲ.

ಅಂಕ ಇಟ್ಟುಕೊಂಡು ಹೊಸಬರನ್ನೂ ಹಳಬರನ್ನೂ ತೂಗುವವರು ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಹನ್ಯು 2015ರಲ್ಲಿ ಬಾರ್ಸಿಲೋನಾದಲ್ಲಿ 330.43 ಪಡೆದಿದ್ದ. ಮಲಿನಿನ್ 2024ರಲ್ಲಿ ಮಾಂಟ್ರಿಯಲ್‌ನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 333.76 ಪಡೆದ. "ನೋಡಿ ಅತ್ಯಾ, ಮೂರು ಅಂಕ ಹೆಚ್ಚು" ಎಂದು ಹುಡುಗ ಅಂದೂ ಹೇಳಿದ. 2018ರಲ್ಲಿ ಅಂಕ ಕೊಡುವ ಪದ್ಧತಿಯೇ ಬದಲಾಯಿತು, ಫ್ರೀ ಸ್ಕೇಟ್ ಅರ್ಧ ನಿಮಿಷ ಕಡಿಮೆಯಾಯಿತು, ಎಂಟರಲ್ಲಿ ಒಂದು ಜಿಗಿತ ಹೋಯಿತು, ಹಳೆಯ ದಾಖಲೆಗಳನ್ನೆಲ್ಲ ಬೇರೆ ಕಡತದಲ್ಲಿ ಕಟ್ಟಿಟ್ಟರು. ಆ ಎರಡು ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಹೊಸ ಪದ್ಧತಿಯಲ್ಲೂ ಅತಿ ಹೆಚ್ಚಿನ ಒಟ್ಟು ಮೊತ್ತ ಬಾಸ್ಟನ್ನಿನವರೆಗೂ ಅಮೆರಿಕದ ನೇಥನ್ ಚೆನ್‌ನ ಹೆಸರಿನಲ್ಲೇ ಇತ್ತು, 2019ರ 335.30. ಆ ಚೆನ್ 2018ರ ಒಲಿಂಪಿಕ್ಸ್‌ನ ಷಾರ್ಟ್ ಪ್ರೋಗ್ರಾಂನಲ್ಲಿ ಹದಿನೇಳನೆಯ ಸ್ಥಾನಕ್ಕೆ ಕುಸಿದಿದ್ದ. ಅಂದೇ ಯಾರಾದರೂ ಅವನ ಕಾಲ ಮುಗಿಯಿತು ಎಂದಿದ್ದರೆ? ಫ್ರೀ ಸ್ಕೇಟ್‌ನಲ್ಲಿ ಎಲ್ಲರಿಗಿಂತ ಮೇಲೆ ಬಂದು ಐದನೆಯವನಾಗಿ ಮುಗಿಸಿದ. ನಾಲ್ಕು ವರ್ಷದ ನಂತರ ಬೀಜಿಂಗಿನ ಚಿನ್ನ ಅವನದೇ.

ಮಾಂಟ್ರಿಯಲ್‌ನಲ್ಲಿ ಷಾರ್ಟ್ ಪ್ರೋಗ್ರಾಂ ಮುಗಿದಾಗ ಮುಂದಿದ್ದವನು ಜಪಾನಿನ ಶೋಮಾ ಉನೊ, ಅದಕ್ಕೆ ಹಿಂದಿನ ಎರಡೂ ವರ್ಷಗಳ ವಿಶ್ವ ಚಾಂಪಿಯನ್. ಕೊನೆಗೆ ನಾಲ್ಕನೆಯವನಾದ, ಮೇ ತಿಂಗಳಲ್ಲಿ ನಿವೃತ್ತನಾದ. ಅದೇ ಸ್ಪರ್ಧೆಯಲ್ಲಿ ಹತ್ತೊಂಬತ್ತನೆಯ ಸ್ಥಾನದಲ್ಲಿದ್ದ ಫ್ರಾನ್ಸಿನ ಆಡಂ ಸಿಯಾವೊ ಹಿಮ್ ಫಾ ಕಂಚು ಗೆದ್ದ. ಯಾರ ಕಾಲ ಯಾವಾಗ ಶುರುವಾಗಿ ಯಾವಾಗ ಮುಗಿಯಿತೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಆ ಜಿಗಿತದ ವಯಸ್ಸನ್ನೇ ನೋಡಿದರೆ ನಮ್ಮ ಮನೆಯ ವಾದ ಎಷ್ಟು ಚಿಕ್ಕದು ಅನಿಸುತ್ತದೆ. ನಾರ್ವೆಯ ಆಕ್ಸೆಲ್ ಪೌಲ್‌ಸೆನ್ ಅದನ್ನು ಮೊದಲು ಹಾರಿದ್ದು 1882ರಲ್ಲಿ, ಒಂದೂವರೆ ಸುತ್ತು. ಇನ್ನೊಂದು ಸುತ್ತು ಸೇರಿಸಿ ಡಿಕ್ ಬಟನ್ ಹಾರಿದ್ದು 1948ರಲ್ಲಿ. ಮೂರೂವರೆ ಸುತ್ತಿಗೆ ಕೆನಡಾದ ವರ್ನ್ ಟೇಲರ್ ಬರಬೇಕಾಯಿತು, 1978. ನಾಲ್ಕೂವರೆಗೆ 2022. ಹನ್ಯು ಬಿದ್ದ ಏಳು ತಿಂಗಳಿಗೆ ಮಲಿನಿನ್ ನಿಂತ. ಪ್ರಯತ್ನಿಸುವ ಹುರುಪು ಬಂದದ್ದು ಹನ್ಯುವಿನಿಂದ ಎಂದು ಅವನೇ ಹೇಳಿಕೊಂಡಿದ್ದಾನೆ. ಮೊದಲಿಗನೆಂಬ ಹೆಸರನ್ನು ಹೊತ್ತ ಹುಡುಗನಿಗೆ ಆ ಋಣ ನೆನಪಿದೆ. ಅವನ ಅಭಿಮಾನಿಗಳಿಗೆ ಯಾಕೆ ನೆನಪಿರುವುದಿಲ್ಲ? ಅವನ ತಂದೆ ತಾಯಿ ಇಬ್ಬರೂ ಉಜ್ಬೇಕಿಸ್ತಾನದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಸ್ಕೇಟ್ ಮಾಡಿದವರು, ಅವನನ್ನು ತಯಾರು ಮಾಡಿದವರೂ ಅವರೇ.

ಬಾಸ್ಟನ್ನಿನಲ್ಲಿ ಎರಡನೆಯವನಾದ ಕಜಕಸ್ತಾನದ ಮಿಖಾಯಿಲ್ ಶೈದೊರೊವ್‌ಗೆ ಆಗ ಇಪ್ಪತ್ತು ವರ್ಷ. ಅವನಿಗೆ ಕಲಿಸುವವರು 1994ರ ಒಲಿಂಪಿಕ್ ಚಾಂಪಿಯನ್ ಅಲೆಕ್ಸಿ ಉರ್ಮಾನೊವ್. ಅವನ ದೇಶಕ್ಕೆ ಹಿಂದೆ ಇಂಥ ಪದಕ ತಂದಿದ್ದವನು ಡೆನಿಸ್ ಟೆನ್, 2014ರ ಒಲಿಂಪಿಕ್ಸ್‌ನ ಕಂಚು ಗೆದ್ದವನು. 2018ರಲ್ಲಿ ಅಲ್ಮಾಟಿಯ ಬೀದಿಯಲ್ಲಿ ಕಾರಿನ ಕನ್ನಡಿ ಕದಿಯಲು ಬಂದವರು ಅವನನ್ನು ಇರಿದು ಕೊಂದರು, ಆಗ ಅವನಿಗೆ ಇಪ್ಪತ್ತೈದು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಈಗ ಶೈದೊರೊವ್ ಪದಕ ಹಾಕಿಕೊಂಡು ನಿಂತದ್ದನ್ನು ನೋಡಿ ಮೊದಲು ನೆನಪಾದವನು ಟೆನ್.

ಮೂರನೆಯವನು ಜಪಾನಿನ ಯುಮಾ ಕಗಿಯಾಮಾ. ಅವನನ್ನು ಉದಯೋನ್ಮುಖ ಎನ್ನಬೇಕೋ ಹಳಬ ಎನ್ನಬೇಕೋ? ಆಗ ವಯಸ್ಸು ಇಪ್ಪತ್ತೊಂದು, ಬೀಜಿಂಗಿನ ಬೆಳ್ಳಿ ಆಗಲೇ ಮನೆಯಲ್ಲಿದೆ. ಅವನ ತಂದೆ ಎರಡು ಒಲಿಂಪಿಕ್ಸ್ ಆಡಿದವರು, ಪಾರ್ಶ್ವವಾಯು ಬಡಿದು ಚೇತರಿಸಿಕೊಂಡು ಮಗನಿಗೆ ಕಲಿಸುತ್ತಿರುವವರು. ಕಗಿಯಾಮಾ ಬರ್ಫದ ಮೇಲೆ ಮೊಣಕಾಲು ಬಗ್ಗಿಸಿ ಇಳಿಯುವ ರೀತಿಯಲ್ಲಿ ಸದ್ದೇ ಇರುವುದಿಲ್ಲ. ಬಾಸ್ಟನ್ನಿನ ಫ್ರೀ ಸ್ಕೇಟ್‌ನಲ್ಲಿ ಅವನು ಮುಗ್ಗರಿಸಿದ. ಷಾರ್ಟ್ ಪ್ರೋಗ್ರಾಂನಲ್ಲಿ ಮಲಿನಿನ್‌ಗಿಂತ ಮೂರೇ ಅಂಕ ಹಿಂದಿದ್ದವನು ಒಟ್ಟು ಲೆಕ್ಕದಲ್ಲಿ ನಲವತ್ತು ಅಂಕ ಹಿಂದೆ ಬಿದ್ದ. ನನಗೆ ಹಬ್ಬದ ದಿನ ಬೆಳಿಗ್ಗೆ ಬೇಸರವಾದದ್ದು ಅದಕ್ಕೆ.

ಇದೆಲ್ಲ ಆಟದ ಮಾತು. ಆದರೆ ಎಂಬತ್ತು ದಾಟಿದವರ ಎದುರು, ಅವರ ಮುಖ ನೋಡುತ್ತಲೇ, ಇಪ್ಪತ್ತೇಳು ವರ್ಷದ ಒಬ್ಬ ಹುಡುಗನ ಕಾಲ ಮುಗಿಯಿತು ಎಂದಾಗ ಆ ಕೋಣೆಯಲ್ಲಿ ಏನಾಯಿತೆಂದು ನಾನು ನೋಡಿದ್ದೇನೆ. ಅಪ್ಪ ಒಂದು ಕ್ಷಣ ತಮ್ಮ ಅಂಗೈ ನೋಡಿಕೊಂಡರು. ವೈನಿ ತಾಟು ಎತ್ತುವ ನೆಪದಲ್ಲಿ ಎದ್ದು ಹೋದರು, ಅವರಿಗೆ ಅರ್ಥವಾಗಿತ್ತು. ನಮ್ಮ ಮನೆಗಳಲ್ಲಿ ಈಗ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಕೈಮಗ್ಗದವರ ಕಾಲ ಮುಗಿಯಿತು, ಅಂಚೆಯವರ ಕಾಲ ಮುಗಿಯಿತು, ಮುತ್ಯಾನ ಕಾಲ ಮುಗಿಯಿತು. ಹೇಳುವ ಹುಡುಗರು ಕೆಟ್ಟವರಲ್ಲ. ನಮ್ಮವನು ಮುತ್ಯಾನ ಕಾಲಿಗೆ ದಿನಾ ಎಣ್ಣೆ ತಿಕ್ಕುವ ಹುಡುಗ. ಆದರೂ ಆ ಮಾತು ಬಾಯಿಂದ ಬಂತು, ಯಾರನ್ನು ತಾಗುತ್ತದೆಂದು ನೋಡದೆ ಬಂತು.

ಗರಡಿಮನೆಯಲ್ಲಿ ಅಪ್ಪನನ್ನು ತಯಾರು ಮಾಡಿದ ವಸ್ತಾದರು ತಮ್ಮ ಕೊನೆಯ ಕುಸ್ತಿಯಲ್ಲಿ ಚಿತ್ ಆಗಿದ್ದರಂತೆ, ಅದೂ ಶಿಷ್ಯನೊಬ್ಬನ ಕೈಯಲ್ಲಿ. ಮಾರನೆಯ ಬೆಳಿಗ್ಗೆ ಎಂದಿನಂತೆ ಮಣ್ಣು ಹದಮಾಡಲು ಬಂದಿದ್ದರಂತೆ. ಅಪ್ಪ ಕೇಳಿದ ಪ್ರಶ್ನೆ ಅಲ್ಲಿಂದ ಬಂದದ್ದು. ಹನ್ಯು 2022ರ ಜುಲೈಯಲ್ಲಿ ಸ್ಪರ್ಧೆಗಳನ್ನು ಬಿಟ್ಟು ವೃತ್ತಿಪರ ಪ್ರದರ್ಶನಕಾರನಾದ, ಇವತ್ತಿಗೂ ಸ್ಕೇಟ್ ಮಾಡುತ್ತಿದ್ದಾನೆ ಎಂದು ಹೇಳಿದಾಗ ಅಪ್ಪನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಪದಕದ ವಿಚಾರವನ್ನು ಅವರು ಕೇಳಲೇ ಇಲ್ಲ.

ನಿನ್ನೆ ರಾತ್ರಿ ಹುಡುಗ ಫೋನ್ ಮಾಡಿದ್ದ. ಫಲಿತಾಂಶದ ಭಯದ ಬಗ್ಗೆ ಬಹಳ ಹೊತ್ತು ಮಾತಾಡಿದ ಮೇಲೆ, "ಅತ್ಯಾ, ಹನ್ಯು ಈಗಲೂ ಸ್ಪರ್ಧೆಯಲ್ಲಿದ್ದರೂ ಇಲಿಯಾನೇ ಗೆಲ್ಲುತ್ತಿದ್ದ, ಒಪ್ಪುತ್ತೀರೋ ಇಲ್ಲವೋ?" ಎಂದ. ಒಪ್ಪುತ್ತೇನೆ ಎಂದೆ, ಅದು ಸತ್ಯ. ಆದರೆ ಮುತ್ಯಾನಿಗೆ ಇನ್ನು ಮುಂದೆ ತುಣುಕು ತೋರಿಸಬಾರದು, ಪೂರ್ತಿ ತೋರಿಸಬೇಕು ಎಂದು ಮಾತು ತೆಗೆದುಕೊಂಡೆ. 2026ರ ಫೆಬ್ರುವರಿಯಲ್ಲಿ ಮಿಲಾನ್‌ನಲ್ಲಿ ನಡೆಯಲಿದ್ದ ಒಲಿಂಪಿಕ್ಸ್‌ನ ಮಾತೂ ಬಂತು. ಅವನು ಮಲಿನಿನ್ ಕಡೆ, ನಾನು ಕಗಿಯಾಮಾ ಕಡೆ. ಅಪ್ಪ ಯಾರ ಕಡೆ ಎಂದು ಕೇಳಿದ್ದಕ್ಕೆ, ಎಲ್ಲರದ್ದೂ ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ.