ಬ್ಯೂಲಾ ಬಾಂಡಿ ಅನ್ನೋ ಅಜ್ಜಿ, ನಿಜಕ್ಕೂ ಅಜ್ಜಿನೇ ಆಗಿರ್ಲಿಲ್ಲ

ಹಳೇ ಹಾಲಿವುಡ್ ನಟಿಯರು ಅಂದ ತಕ್ಷಣ ಬೆಟ್ಟಿ ಡೇವಿಸ್, ಕ್ಯಾಥರಿನ್ ಹೆಪ್‌ಬರ್ನ್, ಇಂಗ್ರಿಡ್ ಬರ್ಗ್‌ಮನ್ ಅಂತ ಶುರು ಹಚ್ಕೋತೀವಿ, ಸರಿನೇ, ಅವ್ರನ್ನ ಯಾರ್ ಬೇಡ ಅಂದ್ರು, ಆದ್ರೆ ನನ್ ಓಟು ಮಾತ್ರ ಬ್ಯೂಲಾ ಬಾಂಡಿಗೆ. 1937ರಲ್ಲಿ ಲಿಯೋ ಮೆಕ್ಯಾರಿ ಮಾಡಿದ ಮೇಕ್ ವೇ ಫಾರ್ ಟುಮಾರೋ ಸಿನಿಮಾದಲ್ಲಿ ಲೂಸಿ ಕೂಪರ್ ಅನ್ನೋ 70 ವರ್ಷದ ಹೆಂಗಸಿನ ಪಾತ್ರ ಅವರದು. ಆಗ ಅವರಿಗೆ ಇನ್ನೂ 50 ತುಂಬಿರ್ಲಿಲ್ಲ! ಮಗ ಜಾರ್ಜ್ ಆಗಿರೋ ಥಾಮಸ್ ಮಿಚೆಲ್ ಅವರಿಗಿಂತ ಚಿಕ್ಕವನು ಅಂದ್ರೆ ಬರೀ ಮೂರ್ನಾಲ್ಕು ವರ್ಷಕ್ಕೆ. ನಂಬೋದಕ್ಕೇ ಆಗಲ್ಲ, ಯಾಕಂದ್ರೆ ಇದು ಬರೀ ಮೇಕಪ್ ಅಲ್ಲ, ಕೂತಲ್ಲಿಂದ ಏಳೋದು, ಅರ್ಧ ಮಾತಲ್ಲಿ ನಿಲ್ಲೋದು, ಎದುರಿಗಿರೋರು ಬೇರೆ ಕಡೆ ನೋಡಿದ್ರೂ ಹೇಳ್ತಿದ್ದ ಕಥೆ ಮುಗಿಸೇ ಬಿಡೋದು, ಎಲ್ಲಾ ಪಕ್ಕಾ.

ಕಥೆ ನಮಗೇನ್ ಹೊಸದಲ್ಲ, ಪಂತುಲು ಅವರ ಸ್ಕೂಲ್ ಮಾಸ್ಟರ್‌ನಿಂದ ಹಿಡಿದು ಬಾಗ್‌ಬಾನ್‌ವರೆಗೂ ವಯಸ್ಸಾದ ಅಪ್ಪ ಅಮ್ಮ, ಕೈ ಬಿಡೋ ಮಕ್ಕಳು, ಇದನ್ನೇ ನೋಡ್ಕೊಂಡ್ ಬಂದಿದೀವಿ. ಇಲ್ಲೂ ಅಷ್ಟೇ, ಮನೆ ಬ್ಯಾಂಕಿನ ಪಾಲಾಗುತ್ತೆ, ಇಬ್ಬರನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ಯಾವ ಮಗೂಗೂ ಆಗಲ್ಲ, ಹಾಗಾಗಿ ಅಮ್ಮ ಒಂದು ಕಡೆ ಅಪ್ಪ ಇನ್ನೊಂದು ಕಡೆ. ವ್ಯತ್ಯಾಸ ಏನಪ್ಪಾ ಅಂದ್ರೆ ನಮ್ ಸಿನಿಮಾಗಳ ಅಮ್ಮಂದಿರು ದೇವತೆಗಳು, ಸೊಸೆ ರಾಕ್ಷಸಿ. ಬಾಂಡಿ ಹಾಗೆ ಮಾಡಲ್ಲ, ಈ ಲೂಸಿ ನಿಜವಾಗ್ಲೂ ತಲೆ ತಿಂತಾಳೆ. ಸೊಸೆ ಅನಿತಾ ದುಡ್ಡಿಗೋಸ್ಕರ ಮನೇಲಿ ಬ್ರಿಡ್ಜ್ ಇಸ್ಪೀಟಾಟ ಹೇಳ್ಕೊಡ್ತಾ ಇರ್ತಾಳೆ, ಎಲ್ಲರೂ ಸೂಟುಬೂಟಲ್ಲಿ ತಲೆ ಕೆಡಿಸ್ಕೊಂಡು ಎಲೆ ಎಣಿಸ್ತಿದ್ರೆ ಈಯಮ್ಮ ರಾಕಿಂಗ್ ಚೇರಲ್ಲಿ ಕೂತು ಕಿರ್ ಕಿರ್ ಅಂತ ತೂಗ್ತಾಳೆ. ಸೊಸೆ ಪಾಡು ನೋಡಿ ನನಗೇ ಪಾಪ ಅನ್ಸ್ತು.

ಆಗ ಗಂಡನ ಫೋನು ಬರುತ್ತೆ. ಟೆಲಿಫೋನ್ ಅಭ್ಯಾಸ ಇಲ್ಲದೋರ ಥರ ರೂಮೆಲ್ಲಾ ಕೇಳೋ ಹಂಗೆ ಕಿರುಚ್ತಾಳೆ, ಮೊದಲು ನಗು ಬರುತ್ತೆ, ಬಂದೋರಿಗೂ ಕಿರಿಕಿರಿ. ಆ ಕಡೆ ಮಾತು ನಮಗೆ ಕೇಳಲ್ಲ, ಬರೀ ಇವಳದು, ಹುಷಾರಾಗಿದ್ದೀಯಾ, ಫೋನಿಗೆ ಯಾಕೆ ಇಷ್ಟು ದುಡ್ಡು ಸುರಿದೆ ಅನ್ನೋ ಥರದ್ದು, ಹೀಗೇ ಮಾತಾಡ್ತಾ ಮಾತಾಡ್ತಾ ಒಬ್ಬೊಬ್ಬರೇ ಎಲೆ ಕೆಳಗಿಡ್ತಾರೆ, ಮುಜುಗರದಿಂದ ಎತ್ತಲೋ ನೋಡ್ತಾರೆ. ಬಾಂಡಿ ಅಳೋದೇ ಇಲ್ಲ ಇಲ್ಲಿ, ಸ್ವರಾನೂ ತಗ್ಗಿಸಲ್ಲ! ಬೇರೆ ಯಾರಾದ್ರೂ ಆಗಿದ್ರೆ ಸೆರಗಲ್ಲಿ ಕಣ್ಣೊರೆಸೋ ಲೆವೆಲ್ಲಿಗೆ ತಗೊಂಡೋಗಿರೋರು.

ನನ್ ಪ್ರಕಾರ ಇದಕ್ಕಿಂತ ದೊಡ್ಡ ಸೀನು ಮುಂದಿದೆ. ವೃದ್ಧಾಶ್ರಮದಿಂದ ಬಂದ ಕಾಗದ ಅವಳ ಕಣ್ಣಿಗೆ ಬಿದ್ದಿರುತ್ತೆ, ಗೊತ್ತಾಗೋಗಿರುತ್ತೆ. ಜಾರ್ಜ್ ಬಂದು ಹೇಗ್ ಹೇಳೋದು ಅಂತ ತಡವರಿಸ್ತಾನೆ, ಅವನು ಬಾಯಿ ಬಿಡೋದ್ರೊಳಗೆ ಇವಳೇ, ನಿನಗೆ ಬೇಜಾರಾಗಬಾರ್ದು ಆದ್ರೆ ನನಗಿಲ್ಲಿ ಹೊಂದ್ತಿಲ್ಲ, ಆ ಆಶ್ರಮಕ್ಕೇ ಹೋಗ್ತೀನಿ ಅಂತಾಳೆ. ನಿಮ್ಮಪ್ಪಂಗೆ ಮಾತ್ರ ಯಾವತ್ತೂ ಗೊತ್ತಾಗ್ಬಾರ್ದು ಅಂತ ಬೇರೆ. ಎಷ್ಟು ನೀಟಾಗಿ ಸುಳ್ಳು ಹೇಳ್ತಾಳೆ ಅಂದ್ರೆ ನೋಡೋರಿಗೆ ಎರಡೂ ಕಾಣುತ್ತೆ, ಸುಳ್ಳೂ ಅದರ ಹಿಂದಿನ ಹೆದರಿಕೆನೂ. ಮಗನಿಗೆ ಮಾತ್ರ ಅವನು ತಡೆಯೋವಷ್ಟೇ ಕಾಣ್ಬೇಕು, ಆ ಅಳತೆ ಬಾಂಡಿಗೆ ಗೊತ್ತಿದೆ. ಆಮೇಲೆ ನನ್ ಮಕ್ಕಳಲ್ಲಿ ನೀನೇ ನನಗೆ ಅಚ್ಚುಮೆಚ್ಚು ಅಂತ ಹೇಳಿ ಹೋಗ್ತಾಳೆ. ಅವನು ಸತ್ತಂಗೆ ನಿಂತಿರ್ತಾನೆ.

ಕೊನೇ ಭಾಗ, 50 ವರ್ಷದ ಹಿಂದೆ ಹನಿಮೂನಿಗೆ ಬಂದಿದ್ದ ನ್ಯೂಯಾರ್ಕ್ ಹೋಟೆಲಿಗೆ ಗಂಡ ಹೆಂಡತಿ ಮತ್ತೆ ಹೋಗೋದು, ಅದರ ಬಗ್ಗೆ ಎಲ್ಲರೂ ಬರೆದಿದಾರೆ, ಜಾಸ್ತಿ ಹೇಳಲ್ಲ. ಒಂದೇ ಒಂದು, ಗಂಡನಿಗೆ ಮುತ್ತು ಕೊಡೋಕೆ ಹೋಗಿ ಸಡನ್ನಾಗಿ ಕ್ಯಾಮೆರಾ ಕಡೆ ತಿರುಗಿ, ಅಯ್ಯೋ ಇವ್ರೆಲ್ಲಾ ನೋಡ್ತಿದಾರಲ್ಲ ಅನ್ನೋ ಥರ ನಾಚ್ಕೊಂಡು ನಿಲ್ಲಿಸ್ತಾಳೆ. 1937ರಲ್ಲಿ!

ಸಿನಿಮಾ ಆಗ ಓಡ್ಲಿಲ್ಲ. ಅದೇ ವರ್ಷದ ದಿ ಆಫುಲ್ ಟ್ರೂತ್ ಕಾಮಿಡಿಗೆ ಮೆಕ್ಯಾರಿಗೆ ಆಸ್ಕರ್ ಬಂತು, ತಪ್ಪು ಸಿನಿಮಾಗೆ ಕೊಟ್ರಿ ಅಂತ ಅವನೇ ಹೇಳಿದ್ದು ಫೇಮಸ್. ಬಾಂಡಿಗೆ ಈ ಪಾತ್ರಕ್ಕೆ ನಾಮಿನೇಶನ್ ಕೂಡ ಇಲ್ಲ, ಇದಕ್ಕೆ ಮುಂಚೆ ಒಂದು ಆಮೇಲೆ ಒಂದು ಸಿಕ್ತು, ಎರಡೂ ಪೋಷಕ ನಟಿ ಲೆಕ್ಕದಲ್ಲಿ. ಲೀಡ್ ರೋಲ್ ಮಾಡಿದ್ರೂ ಇಂಡಸ್ಟ್ರಿ ಕಣ್ಣಿಗೆ ಆಯಮ್ಮ ಯಾರದೋ ಅಮ್ಮನೇ. ಆ ಕಾಲದ ಹೀರೋ ಜೇಮ್ಸ್ ಸ್ಟುವರ್ಟ್‌ಗೇ ನಾಲ್ಕು ಸಿನಿಮಾದಲ್ಲಿ ತಾಯಿ, ಕೊನೇದು 1946ರ ಇಟ್ಸ್ ಎ ವಂಡರ್‌ಫುಲ್ ಲೈಫ್. ಅದರಲ್ಲಿ ಅಂಕಲ್ ಬಿಲ್ಲಿ ಯಾರು ಗೊತ್ತಾ, ಇದೇ ಥಾಮಸ್ ಮಿಚೆಲ್. ಒಂಬತ್ತು ವರ್ಷದಲ್ಲಿ ಮಗ ಹೋಗಿ ಮೈದುನ ಆಗಿದ್ದ, ಬಾಂಡಿ ಮಾತ್ರ ಇನ್ನೂ ಅಮ್ಮನೇ.