ಬೈಪೋಲಾರ್, ಥೆರಪಿ ಮತ್ತು ರಾತ್ರಿ ನಿದ್ದೆ

ರೋಬಸ್ಟಾ ಕಾಫಿ ತೋಟದವರಿಗೆ ಫೆಬ್ರವರಿ, ಮಾರ್ಚ್ ಅಂದರೆ ನಿದ್ದೆಗೆಡುವ ಕಾಲ. ಹೂವಿಗೆ ನೀರು ಕೊಡಬೇಕು. ರಾತ್ರಿಯೆಲ್ಲ ಮೋಟಾರು ಓಡುತ್ತದೆ, ಮಧ್ಯೆ ಮಧ್ಯೆ ಎದ್ದು ಸ್ಪ್ರಿಂಕ್ಲರ್ ಪೈಪು ಬದಲಿಸಬೇಕು. ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಅದು ನನ್ನ ಕೆಲಸವಾಗಿತ್ತು. ನನಗೆ ಬೈಪೋಲಾರ್ ಕಾಯಿಲೆ ಇದೆ: ಮನಸ್ಸು ಕೆಲವು ಕಾಲ ಅತಿಯಾಗಿ ಏರುತ್ತದೆ, ಅದು ಮೇನಿಯಾ; ಕೆಲವು ಕಾಲ ಕುಸಿಯುತ್ತದೆ, ಅದು ಡಿಪ್ರೆಶನ್. ನಿದ್ದೆ ಕೆಟ್ಟರೆ ಮೇನಿಯಾ ಶುರುವಾಗಬಹುದು.

ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತಗೊಳ್ಳುತ್ತೇನೆ, ಡಾಕ್ಟರ್ ಹೇಳಿದಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಥೆರಪಿ, ಅಂದರೆ ಮಾತುಕತೆಯ ಚಿಕಿತ್ಸೆ, ಇರುವುದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ.

ಸೈಕಾಲಜಿಸ್ಟ್ ಮೇಡಂ ಮೊದಲು ಒಂದು ನೋಟ್‌ಬುಕ್ ಇಡಿಸಿದರು. ಎದ್ದ ಹೊತ್ತು, ಯಾರ ಜೊತೆಗಾದರೂ ಮೊದಲು ಮಾತಾಡಿದ ಹೊತ್ತು, ಕೆಲಸ ಶುರು ಮಾಡಿದ್ದು, ರಾತ್ರಿ ಊಟ, ಮಲಗಿದ್ದು. ಪಕ್ಕದಲ್ಲಿ ಆ ದಿನದ ಮನಸ್ಸು ಹೇಗಿತ್ತು ಅಂತ ಒಂದು ಅಂಕಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಮತ್ತು ಅವರ ತಂಡ ರೂಪಿಸಿದ ವಿಧಾನ ಇದು. ದಿನಚರಿ ದಿನವೂ ಹೊತ್ತಿಗೆ ಸರಿಯಾಗಿ ನಡೆದರೆ ಕಾಯಿಲೆ ಮರುಕಳಿಸುವುದು ತಡವಾಗುತ್ತದೆ ಅಂತ 2005ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ತೋರಿಸಿತು. ನನ್ನ ಪುಟಗಳಲ್ಲಂತೂ ಎದ್ದು ಕಾಣುತ್ತಿತ್ತು: ನೀರು ಬಿಡುವ ವಾರ ನಿದ್ದೆ ಇಳಿದಿದೆ, ಅದರ ಬೆನ್ನಿಗೇ ಅಂಕಿ ಏರಿದೆ.

ಮೇನಿಯಾ ಬರುವಾಗ ನನಗದು ಕಾಯಿಲೆ ಅನ್ನಿಸುವುದೇ ಇಲ್ಲ. ಮೂರು ಗಂಟೆಗೆ ಎದ್ದರೂ ದಣಿವಿಲ್ಲ. ಪಕ್ಕದ ತೋಟ ಕೊಂಡುಬಿಡೋಣ, ಕಾಳುಮೆಣಸಿಗೆ ರೇಟು ಬರುತ್ತದೆ ಅಂತ ಅಪರಾತ್ರಿಯಲ್ಲಿ ಅಣ್ಣನಿಗೆ ಫೋನ್ ಮಾಡುತ್ತೇನೆ. ಅದಕ್ಕೇ ಮೇಡಂ ಮನೆಯವರನ್ನೂ ಕರೆಸಿದರು. "ಮಳೆಗಾಲದಲ್ಲಿ ಇವನು ಹಾಸಿಗೆ ಬಿಟ್ಟು ಏಳಲ್ಲ, ಸೋಮಾರಿತನ" ಅಂತಿದ್ದ ಅಮ್ಮ, ಡಿಪ್ರೆಶನ್ ಅಂದರೆ ಏನು ಅಂತ ಅಲ್ಲಿ ಕೂತು ಕೇಳಿದರು. ಮನೆಗೆ ಬಂದವರೇ, "ಕೊಟ್ಟಿಗೆ ತನಕ ಬಾ ಮಗಾ, ಅಷ್ಟು ಸಾಕು" ಅಂದರು. ನನಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಎಲ್ಲರೂ ಸೇರಿ ಬರೆದ ಚೀಟಿ ಈಗ ಬೀರುವಿನ ಬಾಗಿಲಿಗೆ ಅಂಟಿದೆ. ರಾತ್ರಿ ಪೈಪು ಅಣ್ಣನ ಪಾಲು. ಎರಡು ರಾತ್ರಿ ಸರಿಯಾಗಿ ನಿದ್ದೆ ಬರದಿದ್ದರೆ ಅತ್ತಿಗೆ ಡಾಕ್ಟರಿಗೆ ಫೋನ್ ಮಾಡುತ್ತಾರೆ, ನನ್ನ ಒಪ್ಪಿಗೆಗೆ ಕಾಯುವುದಿಲ್ಲ. ಎಟಿಎಂ ಕಾರ್ಡ್ ಅವರ ಕೈಗೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಭತ್ತದ ಕದಿರು ಮನೆಗೆ ಬಂದ ಮೇಲೆ ನಾನು ಮಲಗುವುದು, ಉಳಿದವರು ಬೇಕಾದರೆ ಬೆಳಗಿನ ತನಕ ಕೂರಲಿ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಡಾಕ್ಟರ್ ಹತ್ತಿರ ಥೆರಪಿಯ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ, ಮನೆಯವರೂ ಬರಬಹುದಾ ಅಂತಲೂ ಕೇಳಿ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.