ಹಿಡಿದ ಬ್ರೇಕ್ ಕೊನೆಗೂ ಬಿಟ್ಟಿತು

ಸಿಕ್ಕಿತು! ನನ್ನ ಬೈಕಿನ ಮುಂದಿನ ಬ್ರೇಕ್ ಓಡಿಸುವಾಗ ತಾನಾಗಿ ಹಿಡಿದುಕೊಳ್ಳುತ್ತಿತ್ತು. 16 ದಿನ ತಲೆ ತಿಂದ ಆ ಸಮಸ್ಯೆಯ ಬುಡ ನಿನ್ನೆ ಸಂಜೆ ಕೈಗೆ ಸಿಕ್ಕಿತು. 20 ಕಿ.ಮೀ. ಓಡಿಸಿಕೊಂಡು ಬಂದೆ. ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿದೆ. ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಎರಡು ಸುತ್ತು ತಾನಾಗಿ ತಿರುಗಿತು. ಡಿಸ್ಕ್ ಬರೀ ಬೆಚ್ಚಗಿತ್ತು. ಖುಷಿಗೆ ಇನ್ನೊಂದು ಸಲ ತಿರುಗಿಸಿ ನೋಡಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತೇನೆ.

ಹೋದ ಸಲ ಬರೆದಾಗ, ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಮುಂದಿನ ಪ್ಯಾಡ್‌ಗಳ ಸವೆತದ ಗುರುತಿನ ಗೆರೆ ಸವೆದು ಹೋಗಿತ್ತು. ಹಳೆಯವು ಆರ್ಗ್ಯಾನಿಕ್, ಅಂದರೆ ನಾರು, ಅಂಟು ಸೇರಿಸಿ ಮಾಡಿದವು. ಮಳೆಯಲ್ಲಿ ಮೊದಲ ಒತ್ತಿಗೆ ಅವು ಹಿಡಿಯುವುದಕ್ಕೆ ತಡ ಮಾಡುತ್ತಿದ್ದವು, ಅದು ನನಗೆ ಸರಿ ಬರುತ್ತಿರಲಿಲ್ಲ. ಅದಕ್ಕೇ ಈ ಸಲ ಸಿಂಟರ್ಡ್ ತರಿಸಿದೆ. ಲೋಹದ ಪುಡಿಯನ್ನು ಬಿಸಿ ಮಾಡಿ ಒತ್ತಿ ಮಾಡಿದ್ದು, ಒದ್ದೆಯಲ್ಲೂ ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ. ಪ್ಯಾಡಿನ ಹಿಂದೆ ಎರಡು ಅಕ್ಷರ ಒತ್ತಿರುತ್ತಾರಲ್ಲ, ಜಿಜಿ, ಎಚ್‌ಎಚ್ ಅಂತ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಚೆನ್ನಾಗಿ ಕಾದ ಮೇಲೆ ಎಷ್ಟು ಅನ್ನುವುದಕ್ಕೆ. ಜಿ ಅಂದರೆ ಘರ್ಷಣೆಯ ಅಂಕ 0.45ರಿಂದ 0.55. ಎಚ್ ಅಂದರೆ ಅದಕ್ಕೂ ಮೇಲೆ. ನನ್ನದು ಎಚ್‌ಎಚ್. ಆದರೆ ಈ ಅಕ್ಷರಗಳು ಪ್ಯಾಡ್ ಎಷ್ಟು ದಿನ ಬಾಳುತ್ತದೆ, ಡಿಸ್ಕನ್ನು ಎಷ್ಟು ತಿನ್ನುತ್ತದೆ ಅಂತ ಹೇಳುವುದಿಲ್ಲ. ಸುಮ್ನೆ ಅಕ್ಷರ ನೋಡಿ ಕೊಳ್ಳಬೇಡಿ. ನಿಮ್ಮ ಡಿಸ್ಕ್‌ಗೆ ಸಿಂಟರ್ಡ್ ಹಾಕಬಹುದಾ ಅಂತ ಮ್ಯಾನುಯಲ್‌ನಲ್ಲಿ ಮೊದಲು ನೋಡಿ.

ಮೊದಲ ಪೊಟ್ಟಣದಲ್ಲಿ ಬೇರೆಯದೇ ಆಕಾರದ ಪ್ಯಾಡ್ ಬಂತು. ವಾಪಸ್ ಕಳಿಸಿದೆ. ಎರಡನೆಯದರಲ್ಲಿ ಪ್ಯಾಡ್ ಸರಿ ಇತ್ತು, ಅದರ ಬೆನ್ನಿಗೆ ಕೂರುವ ತೆಳು ತಗಡು, ಶಿಮ್, ಇರಲಿಲ್ಲ. ಹಳೆಯ ಶಿಮ್ಮನ್ನೇ ತೊಳೆದು ಹಾಕಿದೆ. ಅದೇ ದಿನ ಬ್ರೇಕ್ ಲಿವರ್ ಕೂಡ ಬದಲಾಯಿಸಿದೆ. ಹಳೆಯದರ ತುದಿಯ ಗುಂಡು ಮುರಿದಿತ್ತು. ಎರಡೂ ಕೆಲಸ ಸೇರಿ ಒಂದು ಗಂಟೆ ಹಿಡಿಯಿತು.

ಓಡಿಸಿ ನೋಡಿದರೆ ಸೊಗಸಾಗಿತ್ತು. ಲಿವರ್‌ನಲ್ಲಿ ಸಡಿಲೇ ಇಲ್ಲ, ಮುಟ್ಟಿದ ಕೂಡಲೇ ಹಿಡಿಯುತ್ತಿತ್ತು. ಸಿಂಟರ್ಡ್ ಅಂದರೆ ಹೀಗಿರಬೇಕು ಅಂದುಕೊಂಡೆ. 7ನೇ ಕಿಲೋಮೀಟರ್ ಹೊತ್ತಿಗೆ ಗಾಡಿ ಎಳೆಯುವುದಕ್ಕೆ ಕಷ್ಟಪಡತೊಡಗಿತು. ಥ್ರಾಟಲ್ ಬಿಟ್ಟರೆ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ನಿಲ್ಲುತ್ತಿತ್ತು. ಲಿವರ್ ಕಲ್ಲಿನಂತೆ ಗಟ್ಟಿ. ಇಳಿದು ಡಿಸ್ಕ್ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದೆ. ಕಾದ ಹೆಂಚಿನ ಮೇಲೆ ಬಿದ್ದಂತೆ ಚುಂಯ್ ಅಂದು ಆವಿಯಾಯಿತು. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದೆ. ಚಕ್ರ ತಾನಾಗಿ ಬಿಟ್ಟುಕೊಂಡಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಹೊಸದಾಗಿ ಹಾಕಿದ್ದು ಪ್ಯಾಡ್, ಆದ್ದರಿಂದ ಅನುಮಾನವೂ ಪ್ಯಾಡ್ ಮೇಲೆಯೇ. ಪ್ಯಾಡಿನ ಬೆನ್ನಿನ ತಟ್ಟೆಯ ಎರಡು ಕಿವಿಗಳ ಮೇಲೆ ಬಣ್ಣ ದಪ್ಪಗೆ ಕೂತಿತ್ತು, ಬ್ರಾಕೆಟ್‌ನಲ್ಲಿ ಬಿಗಿಯಾಗಿ ಕೂರುತ್ತಿತ್ತು. ಸಣ್ಣ ಅರ ಹಿಡಿದು ಬಣ್ಣವನ್ನಷ್ಟೇ ಉಜ್ಜಿ ತೆಗೆದೆ. ಪ್ಯಾಡ್ ಬೆರಳಲ್ಲಿ ಸರಾಗವಾಗಿ ಜಾರುವಂತಾಯಿತು. ಇದು ಹೇಗೂ ಮಾಡಬೇಕಾದ ಕೆಲಸವೇ. ಆಮೇಲೆ ಬ್ರೇಕ್ ಹಿಡಿಯುವ ಭಾಗ ಆಚೀಚೆ ಜಾರುವ ಸ್ಲೈಡ್ ಪಿನ್ ಎರಡನ್ನೂ ಹೊರಗೆಳೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಊದಿಕೊಂಡು ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾಡನ್ನು ತಳ್ಳುವ ಪಿಸ್ಟನ್‌ಗಳನ್ನು ಸ್ವಲ್ಪ ಹೊರಗೆ ಬರಿಸಿ, ಹಲ್ಲುಜ್ಜುವ ಬ್ರಷ್‌ನಿಂದ ಸುತ್ತಲೂ ತೊಳೆದು ಒಳಗೆ ತಳ್ಳಿದೆ. ಎರಡೂ ಒಂದೇ ಹದದಲ್ಲಿ ಹೋದವು. ಓಡಿಸಿದೆ. 7 ಕಿ.ಮೀ. ಇದ್ದದ್ದು 9 ಆಯಿತು, ಮತ್ತೆ ಹಿಡಿಯಿತು.

ಸಿಂಟರ್ಡ್ ಪ್ಯಾಡ್ ಬಿಸಿಯನ್ನು ಪಿಸ್ಟನ್ ಕಡೆಗೆ ಜಾಸ್ತಿ ದಾಟಿಸುತ್ತದೆ. ಅದಕ್ಕೇ ಹೀಗಾಗುತ್ತಿದೆಯೇನೋ ಅಂತ ಹೊಸ ಆರ್ಗ್ಯಾನಿಕ್ ಪ್ಯಾಡ್ ಒಂದು ಜೊತೆ ತರಿಸಿ ಹಾಕಿದೆ. ಅದೂ ಹಿಡಿಯಿತು. ಜೊತೆಗೆ ಸುಟ್ಟ ವಾಸನೆ, ಮುಖವೆಲ್ಲ ಗಾಜಿನಂತೆ ಮಿಂಚು. ಆ ಜೊತೆ ಹೋಯಿತು.

ಆಗ ಹಳೆಯ, ಸವೆದ ಪ್ಯಾಡ್‌ಗಳನ್ನೇ ಪರೀಕ್ಷೆಗಂತ ಮತ್ತೆ ಹಾಕಿದೆ. ಮನೆ ಸುತ್ತಮುತ್ತ, ನಿಧಾನಕ್ಕೆ, ಅಷ್ಟೇ. ಸಾವಿರಾರು ಕಿಲೋಮೀಟರ್ ಒಮ್ಮೆಯೂ ತಕರಾರು ಮಾಡದ ಆ ಪ್ಯಾಡ್‌ಗಳೂ ಹಿಡಿದುಕೊಂಡವು. ರಸ್ತೆ ಬದಿಯಲ್ಲಿ ನಿಂತು ನಕ್ಕುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಪ್ಯಾಡ್‌ಗಳದ್ದು ಏನೂ ತಪ್ಪಿರಲಿಲ್ಲ.

ಅವತ್ತೇ ಮಾಡಿದ ಒಂದು ಪರೀಕ್ಷೆ ನಿಮಗೂ ಉಪಯೋಗಕ್ಕೆ ಬರುತ್ತದೆ. ಬ್ರೇಕ್ ಹಿಡಿದಿರುವಾಗಲೇ, ಬ್ರೇಕ್ ಫ್ಲೂಯಿಡ್ ಹೊರಗೆ ಬಿಡುವ ಬ್ಲೀಡ್ ನಿಪ್ಪಲ್‌ಗೆ ಕೊಳವೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಕಾಲು ತಿರುವು ಸಡಿಲಿಸಿ. ಚಕ್ರ ಬಿಟ್ಟುಕೊಳ್ಳದಿದ್ದರೆ ಪಿನ್, ಪಿಸ್ಟನ್, ಪ್ಯಾಡ್ ಎಲ್ಲೋ ಸಿಕ್ಕಿಕೊಂಡಿದೆ ಅಂತ. ಬಿಟ್ಟುಕೊಂಡರೆ ಒಳಗೆ ಒತ್ತಡ ಉಳಿದಿದೆ ಅಂತ. ನನ್ನ ಗಾಡಿಯಲ್ಲಿ ಚಿರಕ್ ಅಂತ ಸ್ವಲ್ಪ ಫ್ಲೂಯಿಡ್ ಚಿಮ್ಮಿತು, ಚಕ್ರ ಟಕ್ ಅಂತ ಬಿಟ್ಟಿತು. ಅಂದರೆ ಲಿವರ್ ಬಿಟ್ಟ ಮೇಲೂ ಒತ್ತಡ ಮೇಲಕ್ಕೆ ವಾಪಸ್ ಹೋಗುತ್ತಿಲ್ಲ.

ಹಾಗಾದರೆ ಮಾಸ್ಟರ್ ಸಿಲಿಂಡರ್, ಅಂದರೆ ಲಿವರ್ ಪಕ್ಕ ಫ್ಲೂಯಿಡ್ ಡಬ್ಬಿ ಹೊತ್ತು ಒತ್ತಡ ಹುಟ್ಟಿಸುವ ಭಾಗ. ಮುಚ್ಚಳ ತೆಗೆದು ಫ್ಲೂಯಿಡ್ ಹೀರಿ ನೋಡಿದರೆ ತಳದಲ್ಲಿ ಎರಡು ತೂತು ಇರುತ್ತವಲ್ಲ, ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು. ಆ ಸಣ್ಣ ತೂತೇ ಬಿಸಿಯಾಗಿ ಹಿಗ್ಗಿದ ಫ್ಲೂಯಿಡ್ ಡಬ್ಬಿಗೆ ವಾಪಸ್ ಬರುವ ದಾರಿ. ಕಟ್ಟಿಕೊಂಡಿರಬೇಕು ಅಂತ ತಾಮ್ರದ ವೈರಿನ ಒಂದೇ ಎಳೆ ತೆಗೆದುಕೊಂಡು ಮೆತ್ತಗೆ ತೂರಿಸಿದೆ. ಒಳಗೆ ಏನೋ ಮೆತ್ತಗಿನದು ಅಡ್ಡ ಸಿಕ್ಕಿತು. ಕೊಳೆ ಇರಬೇಕು ಅಂತ ಅಲ್ಲಿಗೇ ನಿಲ್ಲಿಸಿದೆ. ಹೊಸ ಡಾಟ್ 4 ಫ್ಲೂಯಿಡ್ ಹಾಕಿ ಬ್ಲೀಡ್ ಮಾಡಿದೆ, ಅಂದರೆ ಒಳಗಿನ ಹಳೆಯ ಫ್ಲೂಯಿಡ್, ಗಾಳಿ ಹೊರಗೆ ತೆಗೆದೆ. ಹಳೆಯದು ಇಷ್ಟು ಸಲ ಕಾದ ಮೇಲೆ ಅದನ್ನು ನಂಬುವ ಹಾಗಿಲ್ಲ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತದೆ.

ಓಡಿಸಿದೆ. ಮತ್ತೆ ಹಿಡಿಯಿತು. ಅವತ್ತು ರಾತ್ರಿ ಗಾಡಿ ಮುಟ್ಟಲಿಲ್ಲ.

ನಿನ್ನೆ ಸಂಜೆ ಮುಚ್ಚಳ ತೆಗೆದು, ಸುತ್ತ ಬಟ್ಟೆ ಹೊದಿಸಿ, ಟಾರ್ಚ್ ಹಿಡಿದು ಕೂತೆ. ಬಟ್ಟೆ ಮರೆಯಬೇಡಿ, ಈ ಫ್ಲೂಯಿಡ್ ಪೇಂಟ್ ತಿನ್ನುತ್ತದೆ. ಸರಿಯಿರುವ ಮಾಸ್ಟರ್ ಸಿಲಿಂಡರ್‌ನಲ್ಲಿ ಲಿವರನ್ನು ಒತ್ತಿದ ಮೊದಲ ಕ್ಷಣ ಆ ಸಣ್ಣ ತೂತಿನಿಂದ ಪುಟ್ಟ ಕಾರಂಜಿ ಏಳುತ್ತದೆ, ನೋಡಿರುತ್ತೀರಿ. ಲಿವರ್ ಒಳಗೆ ತಳ್ಳುವ ಪ್ಲಂಜರ್ ಅನ್ನುವ ಕಡ್ಡಿಯ ರಬ್ಬರ್ ಸೀಲ್ ತೂತನ್ನು ದಾಟಿ ಮುಚ್ಚುವ ಮೊದಲು ಹೊರಗೆ ಬರುವ ಫ್ಲೂಯಿಡ್ ಅದು. ನಾನು ಒತ್ತಿದೆ. ಕಾರಂಜಿ ಇಲ್ಲ. ಹತ್ತು ಸಲ ಒತ್ತಿದೆ. ಮೇಲ್ಮೈ ಅಲುಗಲೇ ಇಲ್ಲ.

ಲಿವರಿನ ಬೋಲ್ಟ್ ಬಿಚ್ಚಿ ಲಿವರ್ ಹೊರಗೆ ತೆಗೆದೆ. ತೆಗೆಯುವಾಗ ಪ್ಲಂಜರ್ ಒಂದು ಕೂದಲೆಳೆಯಷ್ಟು ಹೊರಗೆ ಬಂದು ನಿಂತಿತು. ಅದನ್ನು ನೋಡಿದ್ದೇ ತಡ, ಕೈ ನಡುಗಿತು. ಮರದ ಕಡ್ಡಿಯಿಂದ ಪ್ಲಂಜರ್ ಒತ್ತಿದೆ. ಪುಳಕ್ ಅಂತ ಕಾರಂಜಿ!

ಹಳೆಯ ಲಿವರ್, ಹೊಸ ಲಿವರ್ ಎರಡನ್ನೂ ಪಕ್ಕದಲ್ಲಿಟ್ಟು ವರ್ನಿಯರ್ ಹಿಡಿದೆ. ಬೋಲ್ಟ್ ತೂತಿನಿಂದ ಪ್ಲಂಜರನ್ನು ಒತ್ತುವ ಉಬ್ಬಿನವರೆಗಿನ ಅಳತೆಯಲ್ಲಿ 0.7 ಮಿ.ಮೀ. ವ್ಯತ್ಯಾಸ. ಅಷ್ಟೇ. ಹೊಸ ಲಿವರ್ ಕೈ ಬಿಟ್ಟಾಗಲೂ ಪ್ಲಂಜರನ್ನು ಅಷ್ಟು ಒಳಗೆ ಒತ್ತಿ ಹಿಡಿದಿತ್ತು. ಸೀಲ್ ಯಾವಾಗಲೂ ತೂತಿನ ಮೇಲೆಯೇ ಕೂತಿತ್ತು. ವೈರಿಗೆ ಅಡ್ಡ ಸಿಕ್ಕಿದ್ದು ಕೊಳೆಯಲ್ಲ, ಆ ಸೀಲ್. ಜೋರಾಗಿ ಚುಚ್ಚದೆ ಇದ್ದದ್ದು ಒಳ್ಳೆಯದಾಯಿತು. ತಣ್ಣಗಿದ್ದಾಗ ತೊಂದರೆ ಕಾಣದು. ನಾಲ್ಕು ಸಲ ಬ್ರೇಕ್ ಹಿಡಿದರೆ ಫ್ಲೂಯಿಡ್ ಬಿಸಿಯಾಗಿ ಹಿಗ್ಗುತ್ತದೆ, ಮೇಲೆ ಹೋಗುವ ದಾರಿ ಮುಚ್ಚಿದೆ, ಹಾಗಾಗಿ ಪಿಸ್ಟನ್‌ಗಳನ್ನೇ ತಳ್ಳುತ್ತದೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಹಿಗ್ಗು. ಮೊದಲ ದಿನ ನಾನು ಮೆಚ್ಚಿದ್ದ ಆ ಸಡಿಲಿಲ್ಲದ ಲಿವರ್ ಇದೇ. ಲಿವರ್‌ಗೆ ಒಂಚೂರು ಸಡಿಲು ಇರಲೇಬೇಕು.

ತುದಿ ಮುರಿದ ಹಳೆಯ ಲಿವರನ್ನೇ ವಾಪಸ್ ಹಾಕಿದೆ. ಆಮೇಲಿನ 20 ಕಿ.ಮೀ. ಕಥೆ ಮೊದಲೇ ಹೇಳಿದೆ. ಹೊಸದರ ಉಬ್ಬನ್ನು ಅರದಿಂದ ಉಜ್ಜಿ ಕೂರಿಸಬಹುದಲ್ಲ ಅಂತ ಕೆಲವರು ಕೇಳಬಹುದು. ನಾನು ಮಾಡುವುದಿಲ್ಲ. ಅಲ್ಲಿ 0.2 ಮಿ.ಮೀ. ಓರೆಯಾದರೂ ಪ್ಲಂಜರ್ ಅಡ್ಡಕ್ಕೆ ತಳ್ಳಿಸಿಕೊಳ್ಳುತ್ತದೆ. ಕಂಪನಿಯ ಅಸಲಿ ಲಿವರ್‌ಗೆ ಹೇಳಿದ್ದೇನೆ. ಮಾರಿದವರಿಗೆ ಫೋಟೋ, ಅಳತೆ ಎಲ್ಲ ಕಳಿಸಿದೆ. "ಇದುವರೆಗೆ ಯಾರೂ ಹೀಗೆ ಹೇಳಿಲ್ಲ" ಅಂತ ಉತ್ತರ ಬಂತು. ಸಿಟ್ಟು ಬಂತು, ನಿಜ. ಬ್ರೇಕಿನ ಭಾಗ ಅದು, ಅಲಂಕಾರದ ಸಾಮಾನಲ್ಲ. ಅದೇ ಲಿವರ್ ಇನ್ನೊಬ್ಬರ ಗಾಡಿಯಲ್ಲಿ ದಟ್ಟ ಟ್ರಾಫಿಕ್ ಮಧ್ಯೆ ಹಿಡಿದುಕೊಂಡರೆ?

ಚಕ್ರ ಇಷ್ಟು ಸಲ ತಿರುಗಿಸಿದ್ದರಿಂದ ಒಂದು ಹೊಸ ಸದ್ದು ಕಿವಿಗೆ ಬಿದ್ದಿದೆ. ಬ್ರೇಕ್ ಬಿಟ್ಟಮೇಲೆ ಕಿರ್ ಕಿರ್ ಅಂತ ಮರಳು ಅರೆದ ಹಾಗೆ. ವೀಲ್ ಬೇರಿಂಗ್. ನನ್ನ ಗಾಡಿಯದ್ದು 6202, ಒಳಗಿನ ವ್ಯಾಸ 15, ಹೊರಗಿನದು 35, ದಪ್ಪ 11 ಮಿ.ಮೀ. ಬೇರಿಂಗನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಹಬ್ಬನ್ನು ಬಿಸಿ ಗಾಳಿಯಲ್ಲಿ ಕಾಯಿಸಿ, ಹೊರಗಿನ ರಿಂಗ್ ಮೇಲಷ್ಟೇ ಹೊಡೆದು ಕೂರಿಸುವ ಯೋಚನೆ ಇದೆ. ಹೊಡೆಯುವುದಕ್ಕೆ ಸರಿಯಾದ ಅಳತೆಯ ಸಾಕೆಟ್ ಹುಡುಕುತ್ತಿದ್ದೇನೆ.

ಅದಕ್ಕೂ ಮೊದಲು ಪ್ಯಾಡ್ ಕೆಲಸ ಮುಗಿಸಬೇಕು. ಡಿಸ್ಕ್ ಮೇಲೆ ಮಿನ್ ಟಿಎಚ್ 3.5 ಅಂತ ಕೊರೆದಿದೆ, ಅಂದರೆ ಕನಿಷ್ಠ ದಪ್ಪ 3.5 ಮಿ.ಮೀ., ಐದು ಜಾಗದಲ್ಲಿ ಅಳೆದಾಗ 4.1ಕ್ಕಿಂತ ಕಮ್ಮಿ ಎಲ್ಲೂ ಬರಲಿಲ್ಲ. ಅಲ್ಲಲ್ಲಿ ನೀಲಿ ಕಲೆ ಇದೆ, ಆದರೆ ಡೊಂಕಾಗಿಲ್ಲ. ಪಾಪ, ಇಷ್ಟು ಬೈಸಿಕೊಂಡ ಸಿಂಟರ್ಡ್ ಜೊತೆಯೇ ಮತ್ತೆ ಒಳಗೆ ಹೋಗುತ್ತದೆ. ಆರ್ಗ್ಯಾನಿಕ್ ಬಿಟ್ಟು ಹೋದ ಪದರವನ್ನು ಎಮರಿ ಪೇಪರ್‌ನಲ್ಲಿ ಗುಂಡಗೆ ತಿಕ್ಕಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿಯಾಗಿದೆ. ಧೂಳನ್ನು ಗಾಳಿ ಹೊಡೆದು ಹಾರಿಸಲಿಲ್ಲ, ಒದ್ದೆ ಬಟ್ಟೆಯಲ್ಲೇ ತೆಗೆದೆ. ನಾಳೆ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ವೇಗವನ್ನು ಗಂಟೆಗೆ 50ರಿಂದ 15 ಕಿ.ಮೀ.ವರೆಗೆ ಮೆತ್ತಗೆ ಇಳಿಸುವುದು, ಪೂರ್ತಿ ನಿಲ್ಲಿಸದೆ, ಮಧ್ಯೆ ಆರಲು ಬಿಟ್ಟು, ಸುಮಾರು 30 ಸಲ. ಬಾಟಲಿಯಲ್ಲಿ ನೀರು ತುಂಬಿಟ್ಟಿದ್ದೇನೆ, ಡಿಸ್ಕ್ ಮೇಲೆ ನಾಲ್ಕು ಹನಿ ಹಾಕಿ ನೋಡುವುದಕ್ಕೆ.